ಓದುಗರ ಪ್ರಶ್ನೆ: ಓರ್ವಿಯೆಟೊಗೆ ಅರ್ಧ ದಿನ ಸಾಲದು

ಈ ಸಲ ಬಂದ ಪ್ರವಾಸದ ಪತ್ರಗಳಲ್ಲಿ ಇಟಲಿಯ ಬೆಟ್ಟದ ಊರುಗಳ ಬಗ್ಗೆಯೇ ಜಾಸ್ತಿ ಪ್ರಶ್ನೆಗಳಿವೆ. ಅದರಲ್ಲೂ ಉಂಬ್ರಿಯಾ ಪ್ರಾಂತ್ಯದ ಓರ್ವಿಯೆಟೊ ಬಗ್ಗೆ. ರೋಮ್‌ನಲ್ಲಿ ಕೆಲಸದಲ್ಲಿದ್ದಾಗ ರಜೆ ಸಿಕ್ಕರೆ ಸಾಕು, ನಾನು ಹೊರಡುತ್ತಿದ್ದದ್ದು ಅಲ್ಲಿಗೇ. ಹಾಗಾಗಿ ಈ ಪುಟ ಪೂರ್ತಿ ಆ ಊರಿಗೇ ಇರಲಿ.

ಪ್ರಶ್ನೆ: ರೋಮ್ ನೋಡಿಕೊಂಡು ಫ್ಲಾರೆನ್ಸ್‌ಗೆ ಹೋಗುವವರಿದ್ದೇವೆ. ನಡುವೆ ಓರ್ವಿಯೆಟೊಗೆ ಅರ್ಧ ದಿನ ಕೊಟ್ಟರೆ ಸಾಕು ಅಂತ ಟ್ರಾವೆಲ್ಸ್‌ನವರು ಹೇಳುತ್ತಾರೆ. ಜೊತೆಗೆ ಅಮ್ಮ ಇರುತ್ತಾರೆ, ಅವರಿಗೆ ಮಂಡಿ ನೋವು. ಬೆಟ್ಟದ ಊರು ಅಂದರೆ ಹತ್ತುವುದು ಇಳಿಯುವುದೇ ಅಲ್ವಾ? ಹೋಗಬಹುದಾ?
— ಓದುಗರು, ದಾವಣಗೆರೆ

ಉತ್ತರ: ಖಂಡಿತ ಹೋಗಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ಆದರೆ ಅರ್ಧ ದಿನದ ಲೆಕ್ಕ ಬಿಟ್ಟುಬಿಡಿ. ಒಂದು ರಾತ್ರಿ ಅಲ್ಲೇ ಉಳಿಯಿರಿ.

ಓರ್ವಿಯೆಟೊ ಇರುವುದು ಒಂದು ದೊಡ್ಡ ಬಂಡೆಯ ನೆತ್ತಿಯ ಮೇಲೆ. ಸುತ್ತ ಗೋಡೆಯ ಹಾಗೆ ನೇರ ಇಳಿದ ಪ್ರಪಾತ. ಆದರೆ ನೆತ್ತಿ ಮಾತ್ರ ಹೆಚ್ಚು ಕಡಿಮೆ ಸಮತಟ್ಟು. ಒಮ್ಮೆ ಮೇಲೆ ತಲುಪಿದರೆ ಮುಖ್ಯ ಬೀದಿ ಕೋರ್ಸೊ ಕಾವೂರ್‌ನಲ್ಲಿ ಅಮ್ಮ ನಿಧಾನವಾಗಿ ನಡೆಯಬಹುದು. ಕಲ್ಲು ಹಾಸಿನ ಬೀದಿ, ಆದ್ದರಿಂದ ಒಳ್ಳೆ ಹಿಡಿತದ ಚಪ್ಪಲಿ ಇರಲಿ.

ಮೇಲೆ ಹತ್ತುವ ಕಷ್ಟವೂ ಇಲ್ಲ. ರೈಲು ನಿಲ್ದಾಣ ಕೆಳಗೆ, ಓರ್ವಿಯೆಟೊ ಸ್ಕಾಲೊ ಎಂಬಲ್ಲಿದೆ. ನಿಲ್ದಾಣದಿಂದ ಹೊರಬಂದರೆ ಎದುರಿಗೇ ಫ್ಯುನಿಕ್ಯುಲರ್, ಅಂದರೆ ಹಗ್ಗ ಎಳೆಯುವ ಪುಟ್ಟ ರೈಲು. 1888ರಲ್ಲಿ ಶುರುವಾದಾಗ ಇದು ನೀರಿನ ಭಾರದಿಂದ ಓಡುತ್ತಿತ್ತು. ಮೇಲಿನ ಬೋಗಿಗೆ ನೀರು ತುಂಬಿದರೆ ಅದು ಇಳಿಯುತ್ತಾ ಕೆಳಗಿನ ಬೋಗಿಯನ್ನು ಮೇಲಕ್ಕೆ ಎಳೆಯುತ್ತಿತ್ತು. 1970ರಲ್ಲಿ ನಿಂತುಹೋಗಿ, 1990ರಲ್ಲಿ ವಿದ್ಯುತ್ತಿನ ಮೇಲೆ ಮತ್ತೆ ಶುರುವಾಯಿತು. ಕೆಲವೇ ನಿಮಿಷದಲ್ಲಿ ಪಿಯಾತ್ಸಾ ಕಾಹೆನ್ ಚೌಕದಲ್ಲಿ ಇಳಿಸುತ್ತದೆ. ಅಲ್ಲಿಂದ ಡುಯೊಮೊವರೆಗೆ, ಅಂದರೆ ಊರಿನ ದೊಡ್ಡ ಚರ್ಚಿನವರೆಗೆ, ಚಿಕ್ಕ ಬಸ್ ಇದೆ.

ರೈಲಿನ ವಿಷಯದಲ್ಲಿ ಒಂದು ಮಾತು. ರೋಮ್–ಫ್ಲಾರೆನ್ಸ್ ನಡುವಿನ ಅತಿ ವೇಗದ ರೈಲುಗಳು ಓರ್ವಿಯೆಟೊದಲ್ಲಿ ನಿಲ್ಲುವುದಿಲ್ಲ. ರೆಜಿಯೊನಾಲೆ, ಅಂದರೆ ಸ್ಥಳೀಯ ರೈಲು, ಅಥವಾ ಇಂಟರ್‌ಸಿಟಿ ಹಿಡಿಯಬೇಕು. ರೋಮ್‌ನ ಟೆರ್ಮಿನಿ ನಿಲ್ದಾಣದಿಂದ ಒಂದು ಗಂಟೆ ಚಿಲ್ಲರೆ ಪ್ರಯಾಣ. ರೆಜಿಯೊನಾಲೆಗೆ ಕಾಗದದ ಟಿಕೆಟ್ ಕೊಂಡರೆ, ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ಮರೆತರೆ ದಂಡ ಬೀಳುತ್ತದೆ.

ರಾತ್ರಿ ಯಾಕೆ ಉಳಿಯಬೇಕು? ಬೆಳಿಗ್ಗೆ ರೋಮ್‌ನಿಂದ ಬಂದ ಜನ ಸಂಜೆಯ ಹೊತ್ತಿಗೆ ಕೆಳಗಿಳಿಯುತ್ತಾರೆ. ಆಮೇಲೆ ಊರು ಊರಿನವರದಾಗುತ್ತದೆ. ಅಂಗಡಿಯವರು ಬಾಗಿಲಲ್ಲಿ ನಿಂತು ಹರಟುತ್ತಾರೆ. ಅಜ್ಜ ಅಜ್ಜಿಯರು ಇಸ್ತ್ರಿ ಬಟ್ಟೆ ಹಾಕಿಕೊಂಡು ಕೋರ್ಸೊ ಉದ್ದಕ್ಕೂ ಅಡ್ಡಾಡುತ್ತಾರೆ. ಗುರುವಾರ ಅಥವಾ ಶನಿವಾರ ಬೆಳಿಗ್ಗೆ ಅಲ್ಲಿದ್ದರೆ ಪಿಯಾತ್ಸಾ ದೆಲ್ ಪೊಪೊಲೊದಲ್ಲಿ ಸಂತೆ ಇರುತ್ತದೆ. ಅಮ್ಮನಿಗೆ ಚರ್ಚಿಗಿಂತ ಅದೇ ಇಷ್ಟವಾಗಬಹುದು.

ಪ್ರಶ್ನೆ: ನಾನು ನಿವೃತ್ತ ಸಿವಿಲ್ ಎಂಜಿನಿಯರ್. ಓರ್ವಿಯೆಟೊದಲ್ಲಿ ಎರಡು ಮೆಟ್ಟಿಲ ದಾರಿ ಇರುವ ಬಾವಿಯೊಂದರ ಚಿತ್ರ ನೋಡಿದೆ. ಇಳಿಯುವವರು ಹತ್ತುವವರಿಗೆ ಎದುರಾಗುವುದೇ ಇಲ್ಲವಂತೆ. ಅದು ಹೇಗೆ? ಬೆಟ್ಟದ ಮೇಲೆ ಅಷ್ಟು ದೊಡ್ಡ ಬಾವಿ ಯಾಕೆ ತೋಡಿದರು?
— ಓದುಗರು, ಹಾಸನ

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಈ ಊರಿನ ಕಥೆಯೆಲ್ಲ ಬಂಡೆ ಮತ್ತು ನೀರಿನ ಕಥೆ. ಅದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಆ ಬಂಡೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಅದನ್ನು ತುಫೊ ಅನ್ನುತ್ತಾರೆ. ನಮ್ಮ ಕರಾವಳಿಯ ಮುರಕಲ್ಲಿನ ಹಾಗೆ ಅಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಹಾಗಾಗಿ ಜನ ಕಾಲ ಕೆಳಗಿನ ಕಲ್ಲನ್ನೇ ಕಡಿದು ಮೇಲೆ ಮನೆ ಕಟ್ಟಿದರು. ಕಡಿದ ಜಾಗ ನೆಲಮಾಳಿಗೆಯಾಯಿತು. ಹೀಗೆ ರೋಮನ್ನರಿಗೂ ಮೊದಲು ಇಲ್ಲಿದ್ದ ಎಟ್ರುಸ್ಕನ್ನರ ಕಾಲದಿಂದ, ಅಂದರೆ ಎರಡೂವರೆ ಸಾವಿರ ವರ್ಷದಿಂದ, ತೋಡಿದ ಗುಹೆಗಳು ಸಾವಿರಕ್ಕೂ ಹೆಚ್ಚು. ಆದರೆ ಈ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ಸೋರಿ ಸೋರಿ ಕೆಳಗಿನ ಜೇಡಿಮಣ್ಣಿನ ಪದರದ ಮೇಲೆ ನಿಲ್ಲುತ್ತದೆ. ಪ್ರಪಾತ ಇರುವುದರಿಂದ ಶತ್ರು ಹತ್ತಲಾರ, ಸರಿ. ಸುಮ್ನೆ ಕೆಳಗೆ ಕಾದು ಕೂತರೆ? ಮೇಲಿನವರು ಬಾಯಾರಿ ಶರಣಾಗಬೇಕಿತ್ತು.

ಈ ಭಯ ಬಲವಾಗಿ ಕಾಡಿದ್ದು ಪೋಪ್ ಏಳನೇ ಕ್ಲೆಮೆಂಟ್‌ಗೆ. 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನಿಕರು ರೋಮ್ ಲೂಟಿ ಮಾಡಿದರು. ತಿಂಗಳುಗಟ್ಟಲೆ ಸೆರೆಯಲ್ಲಿದ್ದ ಪೋಪ್ ಅದೇ ವರ್ಷದ ಡಿಸೆಂಬರ್‌ನಲ್ಲಿ ತಪ್ಪಿಸಿಕೊಂಡು ಓರ್ವಿಯೆಟೊಗೆ ಬಂದ. (ಇಂಗ್ಲೆಂಡಿನ ಎಂಟನೇ ಹೆನ್ರಿ ತನ್ನ ಮದುವೆ ರದ್ದು ಮಾಡಿಸಿಕೊಳ್ಳಲು ದೂತರನ್ನು ಕಳಿಸಿದ್ದೂ ಈ ಊರಿಗೇ.) ಮುತ್ತಿಗೆ ಬಿದ್ದರೆ ನೀರಿಗೆ ಏನು ಗತಿ ಅಂತ ಪೋಪ್ ವಾಸ್ತುಶಿಲ್ಪಿ ಆಂಟೋನಿಯೊ ದ ಸಾಂಗಾಲೊಗೆ ಬಾವಿ ತೋಡಲು ಹೇಳಿದ.

ಆಳ ಸುಮಾರು 53 ಮೀಟರ್, ಅಗಲ ಸುಮಾರು 13 ಮೀಟರ್. ನಡುವೆ ಖಾಲಿ ಕೊಳವೆ. ಅದರ ಸುತ್ತ ಎರಡು ಸುರುಳಿ ದಾರಿಗಳು, ಒಂದರ ಮೇಲೊಂದು ಹೆಣೆದುಕೊಂಡಿವೆ. ಎರಡಕ್ಕೂ ಬೇರೆ ಬೇರೆ ಬಾಗಿಲು, ಒಂದರ ಎದುರು ಇನ್ನೊಂದು. ಒಂದರಲ್ಲಿ 248 ಮೆಟ್ಟಿಲು ಇಳಿದು, ತಳದ ಪುಟ್ಟ ಸೇತುವೆ ದಾಟಿ, ಇನ್ನೊಂದರಲ್ಲಿ ಅಷ್ಟೇ ಮೆಟ್ಟಿಲು ಹತ್ತಬೇಕು. ನೀರು ಹೊರುವ ಹೇಸರಗತ್ತೆಗಳಿಗಾಗಿ ಮಾಡಿದ ದಾರಿ ಇದು. ಅದಕ್ಕೇ ಮೆಟ್ಟಿಲು ಅಗಲ, ಎತ್ತರ ಕಡಿಮೆ. ಖಾಲಿ ಬಿಂದಿಗೆಯ ಹೇಸರಗತ್ತೆ ಇಳಿಯುತ್ತಿದ್ದರೆ ತುಂಬಿದ ಬಿಂದಿಗೆಯದು ಹತ್ತುತ್ತಲೇ ಇರಬಹುದು. ಎಲ್ಲೂ ತಡೆಯಿಲ್ಲ.

ಕೊಳವೆಯ ಗೋಡೆಯಲ್ಲಿ ಸುಮಾರು 70 ಕಿಟಕಿಗಳಿವೆ. ಇಳಿಯುವಾಗ ಪ್ರತಿ ಕಿಟಕಿಯ ಹತ್ತಿರವೂ ಒಂದು ಕ್ಷಣ ನಿಲ್ಲಿ. ಎದುರು ಕಿಟಕಿಯಲ್ಲಿ ಯಾರೋ ಹತ್ತುತ್ತಾ ಹಾದುಹೋಗುತ್ತಾರೆ. ಕೈ ಬೀಸಬಹುದು, ಮಾತಾಡಿಸಬಹುದು, ಆದರೆ ಅವರ ದಾರಿಗೆ ಸೇರಲಾಗದು. ಮೇಲೆ ಬೆಳಕು ಧಾರಾಳ. ಕೆಳಗಿಳಿದಂತೆ ಗೋಡೆ ಹಸಿರುಗಟ್ಟುತ್ತದೆ, ಬೇಸಿಗೆಯಲ್ಲೂ ಚಳಿ ಹತ್ತುತ್ತದೆ. ಬಂಡೆ ಮುಗಿದು ಜೇಡಿಮಣ್ಣು ಶುರುವಾದಲ್ಲಿ ಇಟ್ಟಿಗೆ ಕೆಲಸ ಬರುತ್ತದೆ. ಎಂಜಿನಿಯರ್ ಆದ ನೀವು ಅದನ್ನು ಗಮನಿಸದೆ ಇರಲಾರಿರಿ.

ಬಾವಿ ಮುಗಿದದ್ದು 1537ರಲ್ಲಿ. ಅಷ್ಟರಲ್ಲಿ ಕ್ಲೆಮೆಂಟ್ ತೀರಿಕೊಂಡು ಮೂರು ವರ್ಷವಾಗಿತ್ತು. ಬಾವಿಯ ಈಗಿನ ಹೆಸರು ಪೊಜ್ಜೊ ದಿ ಸಾನ್ ಪತ್ರಿತ್ಸಿಯೊ, ಸೇಂಟ್ ಪ್ಯಾಟ್ರಿಕ್ ಬಾವಿ. ಫ್ಯುನಿಕ್ಯುಲರ್ ಇಳಿದ ಚೌಕದ ಪಕ್ಕದಲ್ಲೇ ಇದೆ. (ದಾವಣಗೆರೆಯವರೇ, ಇದು ಅಮ್ಮನಿಗೆ ಬೇಡ. ಹತ್ತಿರದಲ್ಲೇ ಅಲ್ಬೋರ್ನೊಜ್ ಕೋಟೆಯ ತೋಟವಿದೆ. ಅಲ್ಲಿ ಕೂತರೆ ಪಾಲಿಯಾ ನದಿಯ ಕಣಿವೆ ಪೂರ್ತಿ ಕಾಣುತ್ತದೆ.)

ಇದರ ಜೊತೆಗೆ ನೆಲದಡಿಯ ಗುಹೆಗಳನ್ನೂ ತಪ್ಪದೆ ನೋಡಿ. ಗೈಡ್ ಜೊತೆ ಸುಮಾರು ಒಂದು ಗಂಟೆಯ ಸುತ್ತಾಟ, ಡುಯೊಮೊ ಚೌಕದಲ್ಲಿ ಟಿಕೆಟ್ ಸಿಗುತ್ತದೆ. ಎಟ್ರುಸ್ಕನ್ನರು ತೋಡಿದ ಇಕ್ಕಟ್ಟಾದ ಬಾವಿಗಳ ಗೋಡೆಯಲ್ಲಿ ಕಾಲಿಟ್ಟು ಇಳಿಯಲು ಕೊರೆದ ಗೂಡುಗಳು ಇನ್ನೂ ಹಾಗೇ ಇವೆ. ಗಾಣದ ಕಲ್ಲು ಇದೆ. ಗೋಡೆ ತುಂಬಾ ಸಾಲು ಸಾಲು ಚೌಕ ಗೂಡುಗಳಿರುವ ಕೋಣೆಗಳಿವೆ, ಪಾರಿವಾಳ ಸಾಕುತ್ತಿದ್ದ ಜಾಗ. ಪಾರಿವಾಳ ತಾನೇ ಹೊರಗೆ ಹಾರಿ ಮೇವು ನೀರು ಹುಡುಕಿಕೊಂಡು ಬರುತ್ತದೆ. ನೀರಿಗೆ ಬರವಿರುವ ಊರಿಗೆ ಅದಕ್ಕಿಂತ ಅನುಕೂಲದ ಪ್ರಾಣಿ ಯಾವುದಿದೆ?

ಪ್ರಶ್ನೆ: ಚಿತ್ರಕಲೆ ಓದುತ್ತಿದ್ದೇನೆ. ಡುಯೊಮೊ ನೋಡಲು ನನಗೆ ಸಿಗುವುದು ಒಂದೆರಡು ಗಂಟೆ ಅಷ್ಟೇ. ಏನನ್ನು ಬಿಡಬಾರದು?
— ಓದುಗರು, ಮೈಸೂರು

ಉತ್ತರ: ಸಾಧ್ಯವಾದರೆ ಮಧ್ಯಾಹ್ನದ ಮೇಲೆ ಹೋಗಿ. ಮುಂಭಾಗ ಪಶ್ಚಿಮದ ಕಡೆಗಿದೆ. ಇಳಿಬಿಸಿಲು ಬಿದ್ದಾಗ ಅಲ್ಲಿನ ಮೊಸಾಯಿಕ್ ಚಿತ್ರಗಳ ಚಿನ್ನದ ಬಣ್ಣ ಹೊತ್ತಿಕೊಳ್ಳುತ್ತದೆ. 1290ರಲ್ಲಿ ಅಡಿಗಲ್ಲು ಬಿದ್ದ ಕಟ್ಟಡ ಇದು. ಆದರೆ ಎಲ್ಲರೂ ಮೇಲೆ ನೋಡುತ್ತಿರುವಾಗ ನೀವು ಕೆಳಗೆ ನೋಡಿ. ಬಾಗಿಲುಗಳ ಅಕ್ಕಪಕ್ಕದ ನಾಲ್ಕು ಅಗಲ ಕಂಬಗಳ ಮೇಲೆ ಶಿಲ್ಪಿ ಲೊರೆಂಜೊ ಮೈತಾನಿಯ ಕಾಲದ ಉಬ್ಬುಶಿಲ್ಪಗಳಿವೆ. ಎಡಗಡೆಯ ಕಂಬದಲ್ಲಿ ಸೃಷ್ಟಿಯ ಕಥೆ, ಬಲಗಡೆಯ ಕೊನೆಯದರಲ್ಲಿ ಅಂತಿಮ ತೀರ್ಪು. ಮಲಗಿದ ಆದಮನ ಪಕ್ಕೆಲುಬನ್ನು ದೇವರು ತೆಗೆಯುವ ದೃಶ್ಯ ಹುಡುಕಿ. ಎಷ್ಟು ಮೃದುವಾದ ಕೆಲಸ!

ಒಳಗೆ ಬಲಭಾಗದಲ್ಲಿ ಸಾನ್ ಬ್ರಿತ್ಸಿಯೊ ಚಾಪೆಲ್, ಅಂದರೆ ಚರ್ಚಿನೊಳಗಿನ ಪ್ರಾರ್ಥನಾ ಕೋಣೆ. ನಿಮ್ಮ ಸಮಯದ ಮುಕ್ಕಾಲು ಪಾಲು ಇದಕ್ಕೇ ಕೊಡಿ. 1447ರಲ್ಲಿ ಫ್ರಾ ಆಂಜೆಲಿಕೊ ಚಾವಣಿ ಶುರು ಮಾಡಿ ಅರ್ಧಕ್ಕೆ ಬಿಟ್ಟುಹೋದ. ಅರ್ಧ ಶತಮಾನ ಹಾಗೇ ಉಳಿಯಿತು. 1499ರಲ್ಲಿ ಲೂಕಾ ಸಿನ್ಯೊರೆಲ್ಲಿ ಬಂದು, ಲೋಕದ ಕೊನೆಯ ದಿನಗಳನ್ನು ಗೋಡೆ ತುಂಬ ಬರೆದ. ಒಂದು ಗೋಡೆಯಲ್ಲಿ ಸತ್ತವರು ನೆಲದೊಳಗಿಂದ ಎದ್ದು ಬರುತ್ತಾರೆ. ಕೆಲವರು ಇನ್ನೂ ಬರೀ ಎಲುಬು, ಕೆಲವರಿಗೆ ಮಾಂಸ ತುಂಬಿದೆ, ಒಬ್ಬ ಎರಡೂ ಅಂಗೈ ಊರಿ ತನ್ನನ್ನೇ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದಾನೆ.

ಇನ್ನೊಂದು ಗೋಡೆಯಲ್ಲಿ ಸುಳ್ಳು ಕ್ರಿಸ್ತ ಪೀಠದ ಮೇಲೆ ನಿಂತು ಉಪದೇಶ ಮಾಡುತ್ತಿದ್ದಾನೆ. ಮುಖ ಯೇಸುವಿನದ್ದೇ. ಹಿಂದೆ ಸೈತಾನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಾನೆ. ಈಗ ಕೈಗಳನ್ನು ನೋಡಿ. ಆ ತೋಳು ಸುಳ್ಳು ಕ್ರಿಸ್ತನದೋ, ಅವನ ಬಟ್ಟೆಯೊಳಗೆ ತೂರಿದ ಸೈತಾನನದೋ ಒಂದು ಕ್ಷಣ ತಿಳಿಯುವುದಿಲ್ಲ. ನಾನು ಆ ಮೂಲೆಯ ಎದುರು ಎಷ್ಟು ಹೊತ್ತು ನಿಂತರೂ ಮೈ ಜುಮ್ಮೆನ್ನುವುದು ತಪ್ಪಿಲ್ಲ. ಅದೇ ಚಿತ್ರದ ಎಡ ತುದಿಯಲ್ಲಿ ಕಪ್ಪು ಬಟ್ಟೆ ತೊಟ್ಟು ನಿಂತವನು ಸಿನ್ಯೊರೆಲ್ಲಿಯೇ. ಪಕ್ಕದಲ್ಲಿ ಫ್ರಾ ಆಂಜೆಲಿಕೊನನ್ನು ನಿಲ್ಲಿಸಿಕೊಂಡಿದ್ದಾನೆ, ಕೆಲಸ ಶುರು ಮಾಡಿದವನಿಗೆ ಮರ್ಯಾದೆ ಕೊಟ್ಟು. ಸ್ಕೆಚ್ ಪುಸ್ತಕ ಒಯ್ಯಿರಿ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಅಲ್ಲಿ ಏನು ಸಿಗುತ್ತದೆ?
— ಓದುಗರು, ಉಡುಪಿ

ಉತ್ತರ: ಹೊಟ್ಟೆ ತುಂಬಾ ಸಿಗುತ್ತದೆ, ಕೇಳಿ ತಿನ್ನಬೇಕು ಅಷ್ಟೇ. ಅಲ್ಲಿನ ಉಂಬ್ರಿಕೆಲ್ಲಿ ಎಂಬ ದಪ್ಪ ಪಾಸ್ತಾ ಸಾಮಾನ್ಯವಾಗಿ ಹಿಟ್ಟು ನೀರು ಕಲಸಿ ಕೈಯಲ್ಲೇ ಹೊಸೆದದ್ದು. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನ ಸಾಸ್ ಹಾಕಿಸಿಕೊಂಡರೆ ನಮ್ಮ ನಾಲಿಗೆಗೆ ಒಗ್ಗುತ್ತದೆ. "ಸೆಂಜಾ ಕಾರ್ನೆ, ಸೆಂಜಾ ಉವೊವಾ" ಅನ್ನಿ. ಮಾಂಸ ಬೇಡ, ಮೊಟ್ಟೆ ಬೇಡ ಅಂತ ಅರ್ಥ.

ಎಚ್ಚರ ಇರಬೇಕಾದದ್ದು ಮೂರು ಕಡೆ. ತರಕಾರಿ ಸೂಪ್ ಅಂದರೂ ಮಾಂಸದ ಸಾರಿನಲ್ಲಿ ಮಾಡಿರಬಹುದು. ಬೇಕರಿಯಲ್ಲಿ ಬಸವನಹುಳುವಿನ ಆಕಾರದ ಲುಮಾಕೆಲ್ಲಾ ಎಂಬ ಚಂದದ ಬನ್ ಕಾಣುತ್ತದೆ. ಅದರ ಹಿಟ್ಟಿಗೇ ಹಂದಿಮಾಂಸದ ಚೂರು ಸೇರಿಸಿರುತ್ತಾರೆ. ಪೆಕೊರಿನೊದಂಥ ಚೀಸ್‌ಗಳನ್ನು ಕರುವಿನದೋ ಕುರಿಮರಿಯದೋ ಹೊಟ್ಟೆಯ ರೆನೆಟ್‌ನಿಂದ ಹೆಪ್ಪುಗಟ್ಟಿಸುವುದು ವಾಡಿಕೆ, ಅದನ್ನೂ ಬಿಡುವವರಾದರೆ ಮೊದಲೇ ಹೇಳಿ. ಮಧ್ಯಾಹ್ನದ ಅಡುಗೆಮನೆ ಎರಡು, ಎರಡೂವರೆಗೆ ಮುಚ್ಚುತ್ತದೆ. ರಾತ್ರಿ ಏಳೂವರೆಗೆ ಮೊದಲು ಊಟ ಸಿಗುವುದು ಕಷ್ಟ. ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ಕಂಡರೆ ಗಾಬರಿ ಬೇಡ, ಅದು ತಲೆಗಿಷ್ಟು ಅಂತ ಹಾಕುವ ಮೇಜಿನ ಶುಲ್ಕ.

ಪ್ರಶ್ನೆ: ಓರ್ವಿಯೆಟೊದಿಂದ ಚಿವಿತಾ ದಿ ಬಾನ್ಯೊರೆಜೊ ನೋಡಿಬರಬಹುದಾ? ಕಾರು ಬೇಕೇ ಬೇಕಾ?
— ಓದುಗರು, ಬೆಂಗಳೂರು

ಉತ್ತರ: ನೋಡಿಬರಬಹುದು. ಚಿವಿತಾದ ಪಕ್ಕದ ಊರಾದ ಬಾನ್ಯೊರೆಜೊವರೆಗೆ ಬಸ್ ಇದೆ, ಆದರೆ ದಿನಕ್ಕೆ ಕೆಲವೇ. ಭಾನುವಾರ ನಂಬಿಕೊಂಡು ಹೋಗಬೇಡಿ. ವಾಪಸ್ ಬಸ್ಸಿನ ಸಮಯ ನೋಡಿಕೊಂಡೇ ಹತ್ತಿ. ಚಿವಿತಾ ಕೂಡ ತುಫೊ ಬಂಡೆಯ ಊರೇ. ಕೆಳಗಿನ ಜೇಡಿಮಣ್ಣು ಕೊಚ್ಚಿಹೋಗಿ ಊರಿನ ಅಂಚು ಕುಸಿಯುತ್ತಾ ಬಂದಿದೆ. ಉಳಿದ ತುಂಡಿಗೆ ಹೋಗಲು ಕಾಲುಸೇತುವೆ ಒಂದೇ ದಾರಿ, ಕೊನೆಗೆ ಕಡಿದಾದ ಏರು. ಒಳಗೆ ಹೋಗಲು ಟಿಕೆಟ್ ಇದೆ.

ಕಾರು ತೆಗೆದುಕೊಂಡರೆ ಓರ್ವಿಯೆಟೊ ಊರೊಳಗೆ ಮಾತ್ರ ಓಡಿಸಬೇಡಿ. ಹಳೇ ಬೀದಿಗಳಲ್ಲಿ ಹೊರಗಿನ ಗಾಡಿಗೆ ನಿರ್ಬಂಧವಿದೆ, ಕ್ಯಾಮೆರಾ ನಂಬರ್ ಹಿಡಿಯುತ್ತದೆ. ನೋಟಿಸ್ ಬರುವುದು ನೀವು ಬೆಂಗಳೂರಿಗೆ ವಾಪಸಾದ ಮೇಲೆ. ಬಂಡೆಯ ಬುಡದ ಕಾಂಪೊ ದೆಲ್ಲಾ ಫಿಯೆರಾದಲ್ಲಿ ಗಾಡಿ ನಿಲ್ಲಿಸಿ. ಅಲ್ಲಿಂದ ಬಂಡೆಯೊಳಗೇ ಕೊರೆದ ಲಿಫ್ಟ್ ಮತ್ತು ಎಸ್ಕಲೇಟರ್ ನಿಮ್ಮನ್ನು ಊರಿಗೆ ಮುಟ್ಟಿಸುತ್ತವೆ.