ಸಾಮರ್ಟನ್ ತೀರದ ಅನಾಮಿಕ ಬೇಹುಗಾರನೇ?

ಪ್ರಶ್ನೆ: 1948ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ಬಳಿಯ ಸಾಮರ್ಟನ್ ಕಡಲತೀರದಲ್ಲಿ ಶವವಾಗಿ ಸಿಕ್ಕ ಅನಾಮಿಕನು ವಿಷವುಣಿಸಲ್ಪಟ್ಟ ಬೇಹುಗಾರನೆಂದು ನಮ್ಮ ಗ್ರಂಥಾಲಯದ ಗೆಳೆಯರು ವಾದಿಸುತ್ತಾರೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ಗೆಳೆಯರ ಶಂಕೆ ತೀರ ನಿರಾಧಾರವಲ್ಲ. ಡಿಸೆಂಬರ್ 1ರಂದು ಸಿಕ್ಕ ಆ ಶವದ ಉಡುಪಿನಲ್ಲಿ ತಯಾರಕರ ಗುರುತುಪಟ್ಟಿಗಳಿರಲಿಲ್ಲ; ಪ್ಯಾಂಟಿನ ಸಣ್ಣ ಒಳಜೇಬಿನಲ್ಲಿ ‘ಮುಗಿಯಿತು’ ಎಂಬರ್ಥದ ‘ತಮಾಮ್ ಶುದ್’ ಎಂದು ಅಚ್ಚಾದ ಚೀಟಿಯಿತ್ತು; ಅದನ್ನು ಹರಿದುಕೊಂಡಿದ್ದ ಉಮರ್ ಖಯ್ಯಾಮನ ಪದ್ಯಗಳ ಪುಸ್ತಕದ (ಡಿವಿಜಿಯವರ ‘ಉಮರನ ಒಸಗೆ’ಗೆ ಆಧಾರವಾದ ಪದ್ಯಗಳೇ ಇವು) ಹಿಂಬದಿಯಲ್ಲಿ ಅರ್ಥವಾಗದ ಅಕ್ಷರಸಾಲುಗಳಿದ್ದವು. ಶೀತಲ ಸಮರದ ಆರಂಭದ ದಿನಗಳಲ್ಲಿ ಊಹೆಗೆ ಇಷ್ಟೇ ಸಾಕಾಯಿತು. ವೈದ್ಯರು ವಿಷವನ್ನು ಶಂಕಿಸಿದರಾದರೂ ಪರೀಕ್ಷೆಯಲ್ಲಿ ಯಾವುದೂ ಪತ್ತೆಯಾಗಲಿಲ್ಲ. ಪತ್ತೆಯಾಗದ ವಿಷವನ್ನೇ ಬೇಹುಗಾರಿಕೆಗೆ ಪುರಾವೆಯಾಗಿಸುವುದನ್ನು ಮಾತ್ರ ನಾನು ಒಪ್ಪಲಾರೆ.

2022ರಲ್ಲಿ ಅಡಿಲೇಡ್ ವಿಶ್ವವಿದ್ಯಾಲಯದ ಡೆರೆಕ್ ಅಬಾಟ್ ಮತ್ತು ವಂಶಾವಳಿ ತಜ್ಞೆ ಕಾಲೀನ್ ಫಿಟ್ಜ್‌ಪ್ಯಾಟ್ರಿಕ್ ಅವರು, ಶವದ ಪ್ಲಾಸ್ಟರ್ ಅಚ್ಚಿನಲ್ಲಿ ಅಂಟಿಕೊಂಡಿದ್ದ ಕೂದಲಿನ ಡಿಎನ್‌ಎ ಆಧಾರದಿಂದ, ಆತ 1905ರಲ್ಲಿ ಹುಟ್ಟಿದ ಮೆಲ್ಬರ್ನಿನ ವಿದ್ಯುತ್ ಎಂಜಿನಿಯರ್ ಕಾರ್ಲ್ ವೆಬ್ ಎಂದು ಪ್ರಕಟಿಸಿದರು. ಪತ್ನಿಯಿಂದ ದೂರವಾಗಿದ್ದ ವೆಬ್ ಪದ್ಯಪ್ರಿಯನೂ ಕುದುರೆಜೂಜಿನ ಆಸಕ್ತನೂ ಆಗಿದ್ದನಂತೆ. ಆ ಅಕ್ಷರಗಳು ಕುದುರೆಗಳ ಹೆಸರಿನ ಮೊದಲಕ್ಷರಗಳಿರಬಹುದೆಂಬುದು ಅಬಾಟ್ ಅವರ ಊಹೆ. ಪೊಲೀಸರು 2021ರಲ್ಲೇ ಶವವನ್ನು ಹೊರತೆಗೆಸಿದ್ದರೂ ಈ ಘೋಷಣೆಯ ವೇಳೆಗೆ ಅದನ್ನು ದೃಢಪಡಿಸಿರಲಿಲ್ಲ. ಹೆಸರು ನಿಜವೆಂದೇ ಇಟ್ಟುಕೊಂಡರೂ ಸಾವಿನ ಕಾರಣ ಅದರಿಂದ ತಿಳಿಯುವುದಿಲ್ಲ.