ಮೊಣಕೈ ಮುರಿತ: ತಜ್ಞರನ್ನು ಕಾಣುವವರೆಗೆ

ನಮಸ್ಕಾರ. ಎಕ್ಸ್‌ರೇಯಲ್ಲಿ ಬಿರುಕು ಕಾಣದಿದ್ದರೂ ಆರು ವರ್ಷದ ಮಗಳಿಗೆ ಸ್ಲ್ಯಾಬ್ (ಕೈಯ ಒಂದು ಬದಿಗಷ್ಟೇ ಕೊಡುವ ಪ್ಲಾಸ್ಟರ್ ಪಟ್ಟಿ) ಹಾಕಿ, ಮೂರು ದಿನ ಬಿಟ್ಟು ಮೂಳೆ ತಜ್ಞರನ್ನು ಕಾಣಲು ಹೇಳಿದ್ದೇಕೆ ಎಂದು ಕೇಳಿದ್ದೀರಿ. ಮಕ್ಕಳು ಚಾಚಿದ ಕೈಯ ಮೇಲೆ ಬಿದ್ದಾಗ ಮೊಣಕೈಗೆ ತುಸು ಮೇಲೆ, ತೋಳಿನ ಮೂಳೆ ತೆಳುವಾಗಿರುವಲ್ಲಿ ಮುರಿಯುವುದು ಸಾಮಾನ್ಯ; ಗೆರೆ ಕಾಣದಿದ್ದರೂ, ಕೀಲಿನೊಳಗೆ ರಕ್ತ ತುಂಬಿ ಕೊಬ್ಬಿನ ಪದರವನ್ನು ಹಿಂದಕ್ಕೆ ತಳ್ಳಿದ ನೆರಳು ಮೂಡಿದ್ದರೆ ವೈದ್ಯರು ಅದನ್ನು ಮುರಿತವೆಂದೇ ಎಣಿಸಿ ಕೈಯನ್ನು ಅಲುಗದಂತೆ ಕಟ್ಟುತ್ತಾರೆ. ಮೂಳೆ ಜರುಗಿರದಿದ್ದರೆ ಸಾಮಾನ್ಯವಾಗಿ 3–4 ವಾರಗಳ ಪಟ್ಟಿಯೇ ಸಾಕಾಗುತ್ತದೆ. ತಜ್ಞರನ್ನು ಕಾಣುವವರೆಗೆ ಬೆರಳುಗಳ ಮೇಲೆ ಕಣ್ಣಿಡಿ: ಹೆಬ್ಬೆರಳು, ತೋರುಬೆರಳುಗಳ ತುದಿ ಕೂಡಿಸಿ ದುಂಡನೆಯ ಸೊನ್ನೆ ಮಾಡಿಸಿ (ಅವಳಿಗದು ಆಟ, ನಿಮಗೆ ನರದ ಪರೀಕ್ಷೆ). ಸೊನ್ನೆ ಚಪ್ಪಟೆಯಾದರೆ, ಬೆರಳು ಬಿಳಿಚಿ ತಣ್ಣಗಾದರೆ, ಜೋಮು ಹಿಡಿದರೆ ಅಥವಾ ಔಷಧಿಗೂ ಬಗ್ಗದೆ ನೋವು ಏರುತ್ತಿದ್ದರೆ, ಮೂರು ದಿನ ಕಾಯದೆ ತಕ್ಷಣವೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.