ಆರು ದಿನಕ್ಕೆ ಆರು ಸೂಜಿ

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿ. ಈ ವರ್ಷ ನಮ್ಮ ಶಾಲೆಯಲ್ಲಿ ಎಲ್ಲರೂ 30 ಗಂಟೆ ಸಮಾಜಸೇವೆ ಮಾಡಲೇಬೇಕು. ನಾನು ಶನಿವಾರ ಒಂದು ವೃದ್ಧಾಶ್ರಮಕ್ಕೆ ಹೋಗುತ್ತಿದ್ದೇನೆ. ಮೂರು ವಾರ ಆಯ್ತು. ಅಲ್ಲಿನ ಸಿಬ್ಬಂದಿ ಯಾವಾಗಲೂ ಗಡಿಬಿಡಿಯಲ್ಲಿರುತ್ತಾರೆ, ನಾನು ಸುಮ್ಮನೆ ನಿಂತಿರುತ್ತೇನೆ. ಒಬ್ಬ ಅಜ್ಜನಿಗೆ ಪೇಪರ್ ಓದಿ ಹೇಳಿದರೆ ಅರ್ಧದಲ್ಲೇ ಮುಖ ತಿರುಗಿಸಿಕೊಂಡರು. ಸಹಿ ಹಾಕಿಸಿಕೊಂಡು ಬರುವಾಗ ಮೋಸ ಮಾಡಿದ ಹಾಗೆ ಅನಿಸುತ್ತದೆ. ಬಿಟ್ಟುಬಿಡಲಾ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಬಿಡಬೇಡ ಮಗೂ. ಮೋಸ ಅನಿಸುತ್ತಿದೆ ಅಂದರೆ ನಿನಗೆ ಸಹಿಗಿಂತ ಆ ಅಜ್ಜ ಮುಖ್ಯವಾಗಿದ್ದಾರೆ.

ಅವರು ಮುಖ ತಿರುಗಿಸಿದ್ದು ನಿನ್ನ ಮೇಲಿನ ಬೇಸರಕ್ಕೇ ಇರಲಿಕ್ಕಿಲ್ಲ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ಕೀಚಲು ದನಿಗಳು. ಸ, ಶ, ಫ ಥರದ ಅಕ್ಷರಗಳು ಜಾರಿಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ, ಏನು ಅನ್ನುವುದು ಗೊತ್ತಾಗುವುದಿಲ್ಲ. ನಿನ್ನ ವಯಸ್ಸಿನ ಹುಡುಗಿಯ ಎಳೆ ದನಿ, ಅದರಲ್ಲೂ ಸರಸರ ಓದಿದರೆ, ಅವರಿಗೆ ಕಷ್ಟ. ಹಾಗಂತ ಕಿರುಚಬೇಡ, ಕಿರುಚಿದರೆ ದನಿ ಇನ್ನೂ ಕೀಚಲಾಗುತ್ತದೆ. ಎದುರಿಗೇ ಕೂತುಕೋ. ಬೆಳಕು ನಿನ್ನ ಮುಖದ ಮೇಲೆ ಬೀಳಲಿ, ತುಟಿ ಕಾಣಲಿ. ಪೇಪರನ್ನು ಬಾಯಿಗೆ ಅಡ್ಡ ಹಿಡಿಯಬೇಡ. ಪಿಸುಗುಟ್ಟದೆ, ಸ್ವಲ್ಪ ದಪ್ಪ ದನಿಯಲ್ಲಿ ಒಂದು ವಾಕ್ಯ ಓದು, ನಿಲ್ಲು, ಮುಖ ನೋಡು. ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಅಂತ ಅವರನ್ನೇ ಕೇಳು. ಯಾವ ಪುಟ ಬೇಕು ಅಂತಲೂ ಕೇಳು. ನನಗೆ ಗೊತ್ತಿದ್ದ ಒಬ್ಬ ಅಜ್ಜನಿಗೆ ಮೊದಲು ನಿಧನ ವಾರ್ತೆ ಓದಬೇಕಿತ್ತು. ಓದುವ ಹುಡುಗನಿಗೆ ಅಳುಕು. ಅಜ್ಜ ಅಂದರು, "ನನ್ನ ಜೊತೆಯವರಲ್ಲಿ ಯಾರು ಹೋದರು ಅಂತ ನನಗೆ ಇನ್ಯಾರು ಹೇಳ್ತಾರಪ್ಪಾ?"

ನಾನು ಟೀಚರ್ ಆಗಿದ್ದಾಗ ಮಾಡಿದ ಒಂದು ತಪ್ಪು ಹೇಳುತ್ತೇನೆ. ಮೊದಲ ಸಲ 40 ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಹೋದೆ. ಹಾಡು, ನೃತ್ಯ, ಗುಂಪು ಫೋಟೋ, ವಾಪಸ್. ಮರುವರ್ಷ ಬೇರೆ ತಂಡದ ಜೊತೆ ಹೋದರೆ ಒಬ್ಬ ಅಜ್ಜಿ ಒಬ್ಬೊಬ್ಬರ ಮುಖವನ್ನೂ ಹುಡುಕಿ, "ಆ ಉದ್ದ ಜಡೆ ಹುಡುಗಿ ಯಾಕೆ ಬರಲಿಲ್ಲ?" ಅಂತ ಕೇಳಿದರು. ಯಾವ ಹುಡುಗಿ ಅಂತ ನನಗೇ ನೆನಪಿರಲಿಲ್ಲ. ಅಂದಿನಿಂದ ದೊಡ್ಡ ಗುಂಪು ಬಿಟ್ಟೆ. ಇಬ್ಬಿಬ್ಬರಾಗಿ, ಅದೇ ಮಕ್ಕಳು, ಅದೇ ಜಾಗಕ್ಕೆ, ವಾರವಾರ.

ಹಾಗೆ ಹೋದ ಒಬ್ಬ ಹುಡುಗಿಯೂ ನಿನ್ನ ಹಾಗೇ ಎರಡು ವಾರ ಸುಮ್ಮನೆ ಕೂತಿದ್ದಳು. ಮೂರನೇ ವಾರ ಧೈರ್ಯ ಮಾಡಿ ಒಬ್ಬ ಅಜ್ಜಿಯನ್ನು "ನಿಮಗೆ ದಿನಾ ಯಾವುದಕ್ಕೆ ತೊಂದರೆ ಆಗುತ್ತೆ?" ಅಂತ ಕೇಳಿದಳು. ಅಜ್ಜಿಗೆ ಹೊಲಿಗೆ ಬರುತ್ತಿತ್ತು, ಕೈ ಗಟ್ಟಿಯಿತ್ತು. ಸೂಜಿಗೆ ದಾರ ಪೋಣಿಸಲು ಮಾತ್ರ ಕಣ್ಣು ಸಾಲದು. ಯಾರನ್ನೋ ಕರೆಯಬೇಕು, ಅವರಿಗೆ ಬಿಡುವಿರದು. ಹುಡುಗಿ ಆರು ಸೂಜಿಗೆ ಉದ್ದುದ್ದ ದಾರ ಪೋಣಿಸಿ ಬಟ್ಟೆಯ ತುಂಡಿಗೆ ಸಾಲಾಗಿ ಚುಚ್ಚಿಟ್ಟು ಬಂದಳು, ದಿನಕ್ಕೊಂದು. ಐದು ನಿಮಿಷದ ಕೆಲಸ. ಮುಂದಿನ ವಾರ ಹೋದಾಗ ಆರೂ ಬರಿದಾಗಿದ್ದವು, ಪಕ್ಕದ ಕೋಣೆಯವರ ಗುಂಡಿಗಳೆಲ್ಲ ಕೂತಿದ್ದವು. ಗಂಟೆಯ ಪುಸ್ತಕದಲ್ಲಿ ಇದನ್ನು ಏನಂತ ಬರೆಯಲಿ ಅಂತ ನನ್ನ ಹತ್ತಿರ ಬಂದಿದ್ದಳು. "ಸೂಜಿ" ಅಂತಲೇ ಬರೆಸಿದೆ.

ಗಂಟೆ ಲೆಕ್ಕ ಹಾಕುವುದು ನಿಮ್ಮ ಶಾಲೆ ಮಾತ್ರ ಅಲ್ಲ. ಕೆನಡಾದ ಒಂಟಾರಿಯೋದಲ್ಲಿ ಹೈಸ್ಕೂಲ್ ಮುಗಿಸಬೇಕಾದರೆ 40 ಗಂಟೆ ಸಮುದಾಯದ ಕೆಲಸ ಕಡ್ಡಾಯ. ಲೆಕ್ಕ ಇರಲಿ, ಅದರಿಂದ ಮಕ್ಕಳು ಬಾಗಿಲವರೆಗಾದರೂ ಬರುತ್ತಾರೆ.

ಇನ್ನೊಂದೆರಡು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಯಾರಿಗೂ ನೀನಾಗಿ ಕುಡಿಯಲು, ತಿನ್ನಲು ಕೊಡಬೇಡ. ನುಂಗುವ ತೊಂದರೆ ಇರುವವರಿಗೆ ಒಂದು ಗುಟುಕು ನೀರೂ ಶ್ವಾಸನಾಳಕ್ಕೆ ಹೋಗಬಹುದು. ಮಾತ್ರೆ ಮುಟ್ಟಬೇಡ, ಎತ್ತಿ ಕೂರಿಸಲು ಹೋಗಬೇಡ, ಸಿಬ್ಬಂದಿಯನ್ನು ಕರೆ. ನೆಗಡಿ, ಜ್ವರ ಇದ್ದರೆ ಆ ವಾರ ಹೋಗಲೇಬೇಡ. ಅವರು ಒಪ್ಪದೆ ಫೋಟೋ ಬೇಡ, ಶಾಲೆಯವರು ಕೇಳಿದರೂ ಬೇಡ.

ಪ್ರಶ್ನೆ: ಮಗಳು ಹತ್ತನೇ ತರಗತಿ. ವಾರಕ್ಕೊಂದು ಸಂಜೆ ಚಿಕ್ಕ ಮಕ್ಕಳಿಗೆ ಓದಲು ಕಲಿಸಲು ಹೋಗುತ್ತಾಳೆ. ಅಂಕ ಕಡಿಮೆಯಾಗುತ್ತದೆ ಅಂತ ಭಯ. ನಿಲ್ಲಿಸಲೇ?
– ಒಬ್ಬ ತಾಯಿ

ಉತ್ತರ: ನಿಲ್ಲಿಸಬೇಡಿ ಅಮ್ಮಾ. ಕೆನಡಾದಲ್ಲಿ 106 ಮಂದಿ ಹತ್ತನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳು ಎರಡು ತಿಂಗಳು ವಾರಕ್ಕೊಮ್ಮೆ ಪ್ರಾಥಮಿಕ ಶಾಲೆಯ ಮಕ್ಕಳ ಜೊತೆ ಕೆಲಸ ಮಾಡಿದರು, ಉಳಿದವರು ತಮ್ಮ ಸರದಿಗೆ ಕಾದರು. ಹೋದವರ ರಕ್ತದಲ್ಲಿ ಕೊಲೆಸ್ಟ್ರಾಲ್, ದೇಹದೊಳಗಿನ ಉರಿಯೂತವನ್ನು ತೋರಿಸುವ ಅಂಶ ಎರಡೂ ಕಾದವರಿಗಿಂತ ಕಡಿಮೆ ಇದ್ದವು. ಇನ್ನೊಬ್ಬರ ನೋವಿಗೆ ಮಿಡಿಯುವ ಗುಣ ಯಾರಲ್ಲಿ ಹೆಚ್ಚು ಬೆಳೆದಿತ್ತೋ ಅವರಲ್ಲೇ ಈ ಇಳಿಕೆಯೂ ಹೆಚ್ಚು. ಅಧ್ಯಯನ ಅಂಕವನ್ನು ಅಳೆದಿಲ್ಲ, ನಾನೂ ಅದರ ಭರವಸೆ ಕೊಡಲಾರೆ.

ಪರೀಕ್ಷೆ ಹತ್ತಿರ ಬಂದಾಗ ಮೂರು ವಾರ ಬಿಡುವು ತೆಗೆದುಕೊಳ್ಳಲಿ. ಆದರೆ ಆ ಮಾತನ್ನು ಮಕ್ಕಳಿಗೆ ಮೊದಲೇ ಅವಳೇ ಹೋಗಿ ಹೇಳಲಿ. ಮತ್ತೆ ಬರುವ ತಾರೀಖನ್ನು ಅವರ ಪುಸ್ತಕದಲ್ಲಿ, ಓದು ನಿಂತಿರುವ ಪುಟದ ಮೇಲೆ, ಪೆನ್ಸಿಲಿನಲ್ಲಿ ಬರೆದು ಬರಲಿ.